ಸತ್ತನೇ, ಉಳಿದನೇ, ಮಾಯವಾದನೇ?

ಸಿನಿಮಾ ಪರದೆಯ ಮೇಲೆ ‘ಶುಭಂ’ ಎಂದು ಬಿದ್ದರೆ ಕಥೆ ಮುಗಿಯಿತು ಎಂದೇ ಅರ್ಥವಿದ್ದ ಕಾಲವೊಂದಿತ್ತು. ಖಳನಾಯಕನನ್ನು ಪೊಲೀಸರು ಕರೆದೊಯ್ದಿರುತ್ತಿದ್ದರು, ಅಗಲಿದವರು ಒಂದಾಗಿರುತ್ತಿದ್ದರು. ಪ್ರೇಕ್ಷಕನಿಗೆ ಉಳಿದಿದ್ದ ಚಿಂತೆ ಕೊನೆಯ ಬಸ್ಸು ಸಿಗುತ್ತದೋ ಇಲ್ಲವೋ ಎಂಬುದಷ್ಟೇ. ಆದರೆ ಕೆಲವು ಚಿತ್ರಗಳು ಹಾಗೆ ಬಿಟ್ಟುಕೊಡುವುದಿಲ್ಲ. ನಾಯಕ ಸತ್ತನೋ ಬದುಕಿದನೋ ಎಂಬುದನ್ನು ಹೇಳದೆಯೇ ದೀಪ ಹಚ್ಚಿಬಿಡುತ್ತವೆ. ಆಗ ನಿಜವಾದ ಸಿನಿಮಾ ಶುರುವಾಗುವುದು ಚಹಾದಂಗಡಿಯಲ್ಲಿ.

2022ನೇ ಇಸವಿಯಲ್ಲಿ ಕನ್ನಡಿಗರು ಇಂಥ ವಾದವನ್ನು ಒಂದಲ್ಲ, ಎರಡು ಸಲ ಮಾಡಿದರು. ಏಪ್ರಿಲ್ 14ರಂದು ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್ ಚಾಪ್ಟರ್ 2’ ಬಿಡುಗಡೆಯಾಯಿತು. ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಕಾಂತಾರ’ ಬಂದಿತು. ಎರಡನ್ನೂ ನಿರ್ಮಿಸಿದ್ದು ಹೊಂಬಾಳೆ ಫಿಲ್ಮ್ಸ್ ಸಂಸ್ಥೆ. ಒಂದರಲ್ಲಿ ನಾಯಕ ಚಿನ್ನದೊಂದಿಗೆ ಸಮುದ್ರದ ಪಾಲಾಗುತ್ತಾನೆ. ಇನ್ನೊಂದರಲ್ಲಿ ನಾಯಕ ಕಾಡಿನೊಳಗೆ ಓಡಿ ಕಾಣದಂತಾಗುತ್ತಾನೆ. ಎರಡರಲ್ಲೂ ಹೆಣ ಸಿಗುವುದಿಲ್ಲ. ಹೆಣ ಸಿಗದ ಮೇಲೆ ವಾದ ನಿಲ್ಲುವುದುಂಟೇ?

ಇದು ಅಭಿಮಾನಿಗಳ ಹುಡುಗಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ವಲ್ಪ ಕೆದಕಿ ನೋಡಿದರೆ ಈ ಪ್ರಶ್ನೆಯ ಬೇರು ಸಿನಿಮಾಕ್ಕಿಂತ ಬಹಳ ಆಳದಲ್ಲಿದೆ ಎಂಬುದು ತಿಳಿಯುತ್ತದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ, ನಮ್ಮ ಊರುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ, ನರಗುಂದದ ಬಂಡಾಯದಲ್ಲಿ ಅದರ ಎಳೆಗಳು ಸಿಗುತ್ತವೆ.

ಮಾತು ಕೊಟ್ಟವನ ಸಾವು

ಮೊದಲು ರಾಕಿಯ ವಿಷಯ. 1981ರಲ್ಲಿ ನಡೆಯುವ ಕೊನೆಯ ದೃಶ್ಯದಲ್ಲಿ ಆತ ತನ್ನ ಚಿನ್ನವನ್ನೆಲ್ಲ ಹಡಗಿಗೆ ತುಂಬಿಕೊಂಡು ನಡುಸಮುದ್ರಕ್ಕೆ ಹೋಗುತ್ತಾನೆ. ಶರಣಾಗಲು ಒಪ್ಪುವುದಿಲ್ಲ. ಪ್ರಧಾನಿ ರಮಿಕಾ ಸೇನ್ ಆಜ್ಞೆಯಂತೆ ದಾಳಿ ನಡೆಯುತ್ತದೆ. ಹಡಗು ಒಡೆದು, ಚಿನ್ನದ ಗಟ್ಟಿಗಳ ಜೊತೆಗೆ ಆತ ಕೆಳಕ್ಕೆ ಇಳಿಯುತ್ತಾನೆ.

ಬದುಕಿದ್ದಾನೆ ಎನ್ನುವವರು ಮುಂದಿಡುವ ಸಾಕ್ಷಿ, ಹೆಸರುಗಳ ಪಟ್ಟಿ ಮುಗಿದ ಮೇಲೆ ಬರುವ ಪುಟ್ಟ ದೃಶ್ಯ. ಅಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯವರು ರಾಕಿಯ ಕಡತ ಹಿಡಿದು ಬರುತ್ತಾರೆ. ‘ಚಾಪ್ಟರ್ 3’ ಎಂಬ ಹಸ್ತಪ್ರತಿಯೂ ಕಾಣುತ್ತದೆ. ಮೂರನೆಯ ಭಾಗ ಬರುವುದಾದರೆ ನಾಯಕ ಬದುಕಿರಲೇಬೇಕಲ್ಲ ಎಂಬುದು ಅವರ ತರ್ಕ. ಆದರೆ ಕಡತವನ್ನು ಸರಿಯಾಗಿ ಗಮನಿಸಬೇಕು. ಅದರಲ್ಲಿರುವುದು 1978ರಿಂದ 1981ರವರೆಗೆ ಆತ ಹೊರದೇಶಗಳಲ್ಲಿ ನಡೆಸಿದ ಅಪರಾಧಗಳ ವಿವರ. ಅಂದರೆ ಹಡಗು ಮುಳುಗುವುದಕ್ಕೆ ಮುಂಚಿನ ಕಥೆ. ಮೂರನೆಯ ಭಾಗಕ್ಕೆ ರಾಕಿ ಉಳಿದಿರಬೇಕೆಂಬ ಅಗತ್ಯವೇ ಇಲ್ಲ!

ಸತ್ತಿದ್ದಾನೆ ಎನ್ನುವವರ ಬಳಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯಿದೆ. ಅದು ತಾಯಿಗೆ ಕೊಟ್ಟ ಮಾತು. ಹೇಗೆ ಬದುಕುತ್ತೀಯೋ ಗೊತ್ತಿಲ್ಲ, ಸಾಯುವಾಗ ಮಾತ್ರ ಸಿರಿವಂತನಾಗಿ, ಬಲಶಾಲಿಯಾಗಿ ಸಾಯಬೇಕು ಎಂಬುದು ಆಕೆಯ ಬೇಡಿಕೆ. ಎರಡು ಚಿತ್ರಗಳ ಇಡೀ ಕಥೆ ನಿಂತಿರುವುದು ಈ ಮಾತಿನ ಮೇಲೆ. ಲೋಕದ ಚಿನ್ನವನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು, ಯಾರಿಗೂ ತಲೆಬಾಗದೆ ಮುಳುಗಿದಾಗ ಆ ಮಾತು ಈಡೇರುತ್ತದೆ. ಆತ ಈಜಿ ದಡ ಸೇರಿದ ಎಂದು ಹೇಳಿದರೆ ತಾಯಿಯ ಮಾತು ಅರ್ಧಕ್ಕೇ ನಿಂತಿತು ಎಂದಾಗುತ್ತದೆ. ನಾಯಕನ ಮೇಲಿನ ಪ್ರೀತಿಯಿಂದ ಆತನನ್ನು ಉಳಿಸಲು ಹೊರಟವರು ಆತನ ಬದುಕಿನ ಗುರಿಯನ್ನೇ ಕಸಿದುಕೊಂಡಂತೆ.

ಸಿಗದಿರುವುದೇ ಸಾಕ್ಷಿ

‘ಕಾಂತಾರ’ದ ಶಿವನ ವಿಷಯ ಇಷ್ಟು ನೇರವಲ್ಲ. ಊರಿನ ಭೂಮಿ ಕಬಳಿಸಲು ಹೊರಟ ಒಡೆಯ ದೇವೇಂದ್ರನ ಕಡೆಯವರಿಂದ ಪೆಟ್ಟು ತಿಂದು ಶಿವ ಬೀಳುತ್ತಾನೆ. ಗುಳಿಗ ದೈವ ಮೈಮೇಲೆ ಬಂದು ಎದ್ದು ಒಡೆಯನನ್ನು ಕೊಲ್ಲುತ್ತಾನೆ. ಮುಂದೆ ನಡೆಯುವ ಕೋಲದಲ್ಲಿ ಪಂಜುರ್ಲಿಯಾಗಿ ಊರವರ ಮತ್ತು ಅರಣ್ಯಾಧಿಕಾರಿ ಮುರಳಿಯ ಕೈಗಳನ್ನು ಒಂದುಗೂಡಿಸುತ್ತಾನೆ. ಆಮೇಲೆ ಕಾಡಿಗೆ ಓಡಿ, ಹಿಂದೆಂದೋ ಕಾಣೆಯಾಗಿದ್ದ ತಂದೆಯನ್ನು ಕೂಡಿಕೊಂಡು ಮರೆಯಾಗುತ್ತಾನೆ. ಕೊನೆಯಲ್ಲಿ ಆತನ ಪುಟ್ಟ ಮಗ ಸುಂದರನ ಬಳಿ ಅಪ್ಪನ ಬಗ್ಗೆ ಕೇಳುತ್ತಾನೆ.

ಬಿದ್ದಾಗಲೇ ಸತ್ತ, ಆಮೇಲೆ ಕಂಡದ್ದು ಬರೀ ದೈವ ಎನ್ನುವವರಿದ್ದಾರೆ. ಕೋಲ ಕಟ್ಟಿ ಕುಣಿದವನು ಸತ್ತಿರುವುದು ಹೇಗೆ ಎನ್ನುವವರೂ ಇದ್ದಾರೆ. ಇಬ್ಬರೂ ಚಿತ್ರದ ಮೊದಲ ಭಾಗವನ್ನು ಮರೆತಿರುತ್ತಾರೆ.

1970ರಲ್ಲಿ ನಡೆಯುವ ಆ ಭಾಗದಲ್ಲಿ ಅರಸನ ವಂಶದವನೊಬ್ಬ, ಪೂರ್ವಜರು ದೈವಕ್ಕೆಂದು ಬಿಟ್ಟುಕೊಟ್ಟ ಭೂಮಿಯನ್ನು ಮರಳಿ ಕೇಳುತ್ತಾನೆ. ದೈವ ನಿರಾಕರಿಸುತ್ತದೆ. ಇದು ದೈವದ ಮಾತೋ, ಕುಣಿಯುವವನ ಮಾತೋ ಎಂದು ಆತ ಕೆಣಕುತ್ತಾನೆ. ಕುಣಿಯುವವನ ಮಾತಾದರೆ ನಾನು ನಿಮಗೆ ಸಿಗುತ್ತೇನೆ, ದೈವದ ಮಾತಾದರೆ ಸಿಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟು ಶಿವನ ತಂದೆ ಕಾಡಿನೊಳಗೆ ಓಡಿ ಇಲ್ಲವಾಗುತ್ತಾನೆ. ಹುಡುಕಿದರೂ ಸಿಗುವುದಿಲ್ಲ.

ಇಲ್ಲಿ ಕಾಣೆಯಾಗುವುದು ಒಂದು ಪುರಾವೆ. ಹೆಣ ಸಿಕ್ಕಿದ್ದರೆ ಊರವರ ದಾವೆ ಬಿದ್ದುಹೋಗುತ್ತಿತ್ತು. ಸಿಗದ್ದರಿಂದಲೇ ಭೂಮಿ ದೈವದ್ದು, ಆದ್ದರಿಂದ ಊರವರದ್ದು ಎಂಬ ಮಾತು ನಿಂತಿತು. ಮಗನೂ ಅದೇ ದಾರಿ ಹಿಡಿದಾಗ ಚಿತ್ರ ಅದೇ ಪುರಾವೆಯನ್ನು ಎರಡನೆಯ ಸಲ ಮುಂದಿಡುತ್ತದೆ. 

ಕರಾವಳಿಯ ಪಾಡ್ದನಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ತುಳುವಿನಲ್ಲಿ ‘ಜೋಗ’ ಮತ್ತು ‘ಮಾಯ’ ಎಂಬ ಎರಡು ಮಾತುಗಳಿವೆ. ಮೈಯಿದ್ದು ಬಾಳುವುದು ಜೋಗ. ಮೈಬಿಟ್ಟು ದೈವವಾಗುವುದು ಮಾಯ. ಕೋಟಿ-ಚೆನ್ನಯರಂಥ ವೀರರು ಮಾಯ ಸೇರಿದವರು. ಹಾಗೆಂದರೆ ಊರು ಬಿಟ್ಟರು ಎಂದಲ್ಲ. ನೇಮ-ಕೋಲಗಳಲ್ಲಿ ಅವರು ಬಂದು ಮಾತನಾಡುತ್ತಾರೆ, ನ್ಯಾಯ ಹೇಳುತ್ತಾರೆ. ‘ಸತ್ತನೋ ಬದುಕಿದನೋ’ ಎಂಬ ಪ್ರಶ್ನೆಗೆ ಅಲ್ಲಿ ಮೂರನೆಯ ಉತ್ತರವೊಂದಿದೆ.

ಮತ್ತೊಂದು ಸ್ವಾರಸ್ಯ ನೋಡಿ. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಚಾಪ್ಟರ್ 1’ ಶಿವನ ಮುಂದಿನ ಕಥೆ ಹೇಳಲಿಲ್ಲ. ಅದು ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಯಿತು. ಕೆಜಿಎಫ್‌ನ ಕಡತವೂ ಹಿಂದಕ್ಕೇ ನೋಡುತ್ತದೆ. ಮುಚ್ಚದೆ ಬಿಟ್ಟ ಬಾಗಿಲು ಮುಂದಿನ ಕೋಣೆಗಲ್ಲ, ಹಿತ್ತಲಿಗೆ ತೆರೆದುಕೊಂಡಿತು.

ಐವತ್ತು ವರ್ಷಗಳ ಹಿಂದೆ

ಕನ್ನಡ ಪ್ರೇಕ್ಷಕ ನಾಯಕನ ಸಾವನ್ನು ತಾಳಲಾರ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಯುದ್ಧದಲ್ಲಿ ಮಡಿಯುವ ಇಂದ್ರಜಿತುವಿನ ಮಡದಿಯ ಕಥೆ. 1971ರ ‘ಕಸ್ತೂರಿ ನಿವಾಸ’ದಲ್ಲಿ ರಾಜಕುಮಾರ್ ಅವರ ಪಾತ್ರ ಕೊನೆಗೆ ಸಾಯುತ್ತದೆ. ಜನ ಅತ್ತರು, ಮತ್ತೆ ಮತ್ತೆ ನೋಡಿದರು.

1972ನೇ ಇಸವಿಯಂತೂ ಈ ದೃಷ್ಟಿಯಿಂದ 2022ರ ಅಣ್ಣನಂತಿದೆ. ಮಾರ್ಚ್ ಕೊನೆಗೆ ಸಿದ್ದಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’, ಡಿಸೆಂಬರ್ ಕೊನೆಗೆ ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ ಬಂದವು. ‘ನಾಗರಹಾವು’ ಚಿತ್ರದ ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ. ರಾಮಾಚಾರಿ ಮತ್ತು ಮಾರ್ಗರೆಟ್ ಅದೇ ಪ್ರಪಾತಕ್ಕೆ ಹಾರುತ್ತಾರೆ. ಅಲ್ಲಿ ಸತ್ತರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಸಾಯಬೇಕಿತ್ತೇ ಎಂದು ಕೇಳಿದರು. ಚಿತ್ರ ತಮ್ಮ ಕಾದಂಬರಿಗೆ ನ್ಯಾಯ ಸಲ್ಲಿಸಲಿಲ್ಲ ಎಂಬ ಅಸಮಾಧಾನ ಸ್ವತಃ ತ.ರಾ.ಸು. ಅವರಿಗೇ ಇತ್ತು.

‘ಬಂಗಾರದ ಮನುಷ್ಯ’ದ ರಾಜೀವನ ಕಥೆ ಬೇರೆ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಬಂಜರು ಭೂಮಿಯನ್ನು ಹಸಿರು ಮಾಡಿ, ಅಕ್ಕನ ಸಂಸಾರವನ್ನು ದಡ ಹತ್ತಿಸಿದವನು ಕೊನೆಗೆ ಅದೇ ಮನೆಯಲ್ಲಿ ಅವಮಾನಿತನಾಗಿ, ಒಂದು ಮಾತೂ ಆಡದೆ ಎದ್ದು ಹೊರಟುಬಿಡುತ್ತಾನೆ. ಎಲ್ಲಿಗೆ ಹೋದ? ಏನಾದ? ಚಿತ್ರ ಹೇಳುವುದಿಲ್ಲ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರವನ್ನು ನೋಡಿದ ಜನ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋದರು. ರಾಜೀವ ಸತ್ತಿದ್ದರೆ ಮನೆಯವರು ಅತ್ತು, ತಿಥಿ ಮಾಡಿ, ಹಗುರಾಗುತ್ತಿದ್ದರು. ಎದ್ದು ಹೋದವನು ಹಾಗೆ ಹಗುರಾಗಲು ಬಿಡುವುದಿಲ್ಲ. ಅವನು ಎಲ್ಲೋ ಇದ್ದಾನೆ ಎಂಬ ನೆನಪೇ ಶಿಕ್ಷೆ.

ಇಂಥ ವಾದ ನಮ್ಮಲ್ಲಿ ಮಾತ್ರ ನಡೆಯುವುದೆಂದು ತಿಳಿಯಬೇಕಿಲ್ಲ. 1953ರ ಹಾಲಿವುಡ್ ಚಿತ್ರ ‘ಶೇನ್’ನಲ್ಲಿ ಗುಂಡೇಟು ತಿಂದ ನಾಯಕ ಕುದುರೆಯೇರಿ ಬೆಟ್ಟದತ್ತ ಹೋಗುತ್ತಾನೆ, ಹುಡುಗನೊಬ್ಬ ಹಿಂದಿನಿಂದ ಕೂಗಿ ಕರೆಯುತ್ತಾನೆ. ಕುದುರೆಯ ಮೇಲಿದ್ದವನಿಗೆ ಜೀವವಿತ್ತೇ ಎಂಬ ಚರ್ಚೆ 70 ವರ್ಷ ಕಳೆದರೂ ಮುಗಿದಿಲ್ಲ.

ಗದುಗಿನ ಭಾರತದಲ್ಲಿ ಪಾಂಡವರು ಸಾಯುವುದಿಲ್ಲ

ಈಗ ನಮ್ಮ ಊರಿಗೆ ಬರೋಣ. ಮುಗಿಯದ ಮುಕ್ತಾಯದ ಅತಿ ದೊಡ್ಡ ನಿದರ್ಶನ ಗದುಗಿನಲ್ಲೇ ಇದೆ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಬರೆದ ‘ಕರ್ಣಾಟ ಭಾರತ ಕಥಾಮಂಜರಿ’ ವ್ಯಾಸಭಾರತದ 18 ಪರ್ವಗಳನ್ನು ಪೂರ್ತಿ ಹೇಳುವುದಿಲ್ಲ. ಆದಿಪರ್ವದಿಂದ ಗದಾಪರ್ವದವರೆಗೆ 10 ಪರ್ವಗಳು, ಕೊನೆಗೆ ಧರ್ಮರಾಯನ ಪಟ್ಟಾಭಿಷೇಕ. ಅಲ್ಲಿಗೆ ಮಂಗಳ. ಯಾದವರ ನಾಶವಿಲ್ಲ, ಕೃಷ್ಣನ ನಿರ್ಯಾಣವಿಲ್ಲ, ಪಾಂಡವರು ಒಬ್ಬೊಬ್ಬರಾಗಿ ಹಿಮಾಲಯದ ದಾರಿಯಲ್ಲಿ ಬೀಳುವ ಮಹಾಪ್ರಸ್ಥಾನವೂ ಇಲ್ಲ. ಗದುಗಿನ ಭಾರತವೊಂದನ್ನೇ ಕೇಳಿದವನ ಪಾಲಿಗೆ ಪಾಂಡವರು ಇಂದಿಗೂ ಸತ್ತಿಲ್ಲ.

ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ‘ಕೃಷ್ಣರಾಯ ಭಾರತ’ವಾಗಿ ಬರೆದ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಎರಡನೆಯ ಭಾಗವನ್ನು ಬೇರೆ ನಿರ್ದೇಶಕರು ತೆಗೆದಂತೆ. ಆದರೂ ಕಟ್ಟೆಗಳಲ್ಲಿ, ಗುಡಿಗಳಲ್ಲಿ ಗಮಕಿಗಳು ಹಾಡುತ್ತ ಬಂದದ್ದು, ಜನ ಕಿವಿಗೊಟ್ಟು ಕೇಳುತ್ತ ಬಂದದ್ದು ಮುಖ್ಯವಾಗಿ ಕುಮಾರವ್ಯಾಸನ ಹತ್ತು ಪರ್ವಗಳನ್ನೇ. ಎಲ್ಲಿ ನಿಲ್ಲಿಸಬೇಕೆಂಬುದೂ ಕಥೆ ಹೇಳುವವನ ಹಕ್ಕು ಎಂಬುದನ್ನು ನಮ್ಮ ಜನ ಶತಮಾನಗಳ ಹಿಂದೆಯೇ ಒಪ್ಪಿಕೊಂಡಿದ್ದರು. ಗದುಗಿನ ಗರುಡ ಸದಾಶಿವರಾಯರಂಥವರು ಬೆಳೆಸಿದ ಕಂಪನಿ ನಾಟಕಗಳ ಕಾಲದಲ್ಲಿಯೂ ಆಟ ಮುಗಿಯುವುದು ಮಂಗಳದಿಂದಲೇ ಎಂಬ ಪದ್ಧತಿಯಿತ್ತು.

ಅದೇ ಭಾರತ ಇನ್ನೊಂದು ಪಾಠವನ್ನೂ ಹೇಳುತ್ತದೆ. ಕುರುಕ್ಷೇತ್ರದಿಂದ ಉಳಿದು ಹೋದವರಲ್ಲಿ ಅಶ್ವತ್ಥಾಮನೂ ಒಬ್ಬ. ಮಲಗಿದ್ದವರನ್ನು ಕೊಂದ ತಪ್ಪಿಗೆ ಆತನಿಗೆ ಸಿಕ್ಕ ಶಾಪ ಸಾವಲ್ಲ. ವಾಸಿಯಾಗದ ಗಾಯ ಹೊತ್ತು, ಯಾರ ಜೊತೆಯೂ ಇಲ್ಲದೆ ಅಲೆಯುತ್ತ ಬದುಕುವುದು. ನಾಯಕ ಬದುಕಿರಲಿ ಎಂದು ಹರಸುವವರು ಈ ಕಥೆಯನ್ನೂ ನೆನೆಯಬೇಕು.

ಮೂರು ಅಂಕಣಗಳ ಕಲ್ಲು

ಕಾವ್ಯ ಬಿಟ್ಟು ಕಲ್ಲಿಗೆ ಬಂದರೆ ಉತ್ತರ ಇನ್ನಷ್ಟು ನಿಚ್ಚಳವಾಗುತ್ತದೆ. ಗದಗ, ಲಕ್ಕುಂಡಿ, ಲಕ್ಷ್ಮೇಶ್ವರದ ಸುತ್ತಮುತ್ತ ವೀರಗಲ್ಲುಗಳನ್ನು ನೋಡದವರು ಕಡಿಮೆ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ: ವೀರ ಕತ್ತಿ ಹಿಡಿದು ಕಾದುತ್ತಿರುತ್ತಾನೆ, ಕೆಲವೊಮ್ಮೆ ಕದ್ದೊಯ್ಯುತ್ತಿದ್ದ ದನಗಳೂ ಇರುತ್ತವೆ. ನಡುವಿನದರಲ್ಲಿ ಅಪ್ಸರೆಯರು ಆತನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಆತ ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ.

ಈ ಕಲ್ಲಿನಲ್ಲಿ ವೀರ ಸತ್ತಿದ್ದಾನೆಯೇ? ಸತ್ತಿದ್ದಾನೆ, ಅದಕ್ಕೇ ಕಲ್ಲು ನೆಟ್ಟಿದ್ದಾರೆ. ಬದುಕಿದ್ದಾನೆಯೇ? ಮೇಲಿನ ಅಂಕಣದಲ್ಲಿ ಕುಳಿತಿದ್ದಾನಲ್ಲ! ಕೆತ್ತಿದವನಿಗೆ ಇವೆರಡೂ ಒಂದೇ ಕಲ್ಲಿನಲ್ಲಿ ಇರುವುದು ತೊಡಕೆನಿಸಲಿಲ್ಲ.

ನಮ್ಮ ಮಾತಿನಲ್ಲಿಯೂ ಹೀಗೆಯೇ. ಶರಣರು ‘ಬಯಲಾದರು’, ಸ್ವಾಮಿಗಳು ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಲಕ್ಷ್ಮೇಶ್ವರದಲ್ಲಿ ಜೈನರ ಸಲ್ಲೇಖನದ ನೆನಪೂ ಇದೆ, ದೂದಪೀರಾಂ ದರ್ಗಾದ ಉರುಸೂ ಇದೆ. ಉರುಸು ಎಂಬ ಮಾತಿನ ಮೂಲ ಅರ್ಥ ಮದುವೆ. ಸೂಫಿ ಸಂತ ಅಗಲಿದ ದಿನ ಆತ ದೇವರನ್ನು ಕೂಡಿದ ದಿನವೂ ಹೌದು. ಇಷ್ಟು ಮಾತುಗಳನ್ನು ಇಟ್ಟುಕೊಂಡಿರುವ ಜನರ ಮುಂದೆ ಶಿವನನ್ನು ಕಾಡಿಗೆ ಕಳುಹಿಸಿದರೆ ಅವರಿಗೆ ಅದು ಒಗಟಾಗಿ ಕಾಣುವುದಿಲ್ಲ. ಒಗಟೆನಿಸುವುದು ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಉತ್ತರಿಸಿ ಎಂದಾಗ.

ಹೆಣ ಬೇಕಾದವರು ಯಾರು?

ಹಾಗಾದರೆ ‘ಸತ್ತನೋ ಇಲ್ಲವೋ’ ಎಂಬುದು ಖಚಿತವಾಗಿ ತಿಳಿಯಬೇಕಾದವರು ಯಾರು? ಮೊದಲನೆಯದಾಗಿ, ಆಳುವವರು. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ. ಜೊತೆಗೆ ನಿಂತ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯ ಕಾಳಗದಲ್ಲಿ ಮಡಿದ. ಬಾಬಾಸಾಹೇಬನನ್ನು ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಎಲ್ಲರೆದುರು ಗಲ್ಲಿಗೇರಿಸಿದರು. ಎಲ್ಲರೆದುರು ಏಕೆ? ಸತ್ತದ್ದರಲ್ಲಿ ಯಾರಿಗೂ ಅನುಮಾನ ಉಳಿಯಬಾರದೆಂದು. ಅದೇ ದಂಗೆಯ ನಾನಾಸಾಹೇಬ ಪೇಶ್ವೆ ಕೈಗೆ ಸಿಗಲಿಲ್ಲ. ಪರಿಣಾಮವಾಗಿ 1874ರಷ್ಟು ತಡವಾಗಿಯೂ ಗ್ವಾಲಿಯರ್‌ನಲ್ಲಿ ಒಬ್ಬನನ್ನು ನಾನಾಸಾಹೇಬನೆಂದು ಹಿಡಿದು, ಅಲ್ಲವೆಂದು ತಿಳಿದು ಸರ್ಕಾರ ಪೇಚಿಗೆ ಸಿಲುಕಿತು. ಕಾಣೆಯಾದವನು ಸತ್ತವನಿಗಿಂತ ಹೆಚ್ಚು ಕಾಡುತ್ತಾನೆ.

ಎರಡನೆಯದಾಗಿ, ಮನೆಯವರು. ಅವರ ಕಷ್ಟ ಸಿನಿಮಾದ ವಾದದಲ್ಲಿ ಮರೆತೇ ಹೋಗುತ್ತದೆ. ಒಬ್ಬನ ಸುದ್ದಿ ತಿಳಿಯಬೇಕಾದವರಿಗೆ 7 ವರ್ಷ ಯಾವ ಸುದ್ದಿಯೂ ತಿಳಿಯದಿದ್ದರೆ ಆತ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎನ್ನುತ್ತದೆ ನಮ್ಮ ಕಾನೂನು. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ರಾಕಿಯ ಅಭಿಮಾನಿಗಳು ನ್ಯಾಯಾಲಯಕ್ಕೆ ಹೋದರೆ ಪುರಾವೆಯ ಹೊರೆ ಅವರ ತಲೆಯ ಮೇಲೆಯೇ! ಆದರೆ ತಮಾಷೆ ಬದಿಗಿಟ್ಟು ಯೋಚಿಸಿದರೆ, ಆ ಅವಧಿಯಲ್ಲಿ ಹೆಂಡತಿ ಏನಾಗಬೇಕು? ಹೊಲದ ಉತಾರದಲ್ಲಿ ಯಾರ ಹೆಸರು? ‘ಕಾಂತಾರ’ದ ಲೀಲಾ ಹಿಂದೆ ಉಳಿದದ್ದರ ಬಗ್ಗೆ ಚಿತ್ರ ಹೆಚ್ಚೇನೂ ಹೇಳದೆ ಸುಮ್ಮನಾಗುತ್ತದೆ.

ಹಳೆಯ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಣರು. ಊರಿಗಾಗಿ ಸತ್ತವನ ಕುಟುಂಬಕ್ಕೆ ಭೂಮಿ ಬಿಟ್ಟುಕೊಡುವ ಪದ್ಧತಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆಯುತ್ತವೆ. ಮೇಲಿನ ಅಂಕಣದಲ್ಲಿ ವೀರನನ್ನು ಕೈಲಾಸಕ್ಕೆ ಕಳುಹಿಸಿದ ಊರು, ಕೆಳಗೆ ನೆಲದ ಮೇಲೆ ಉಳಿದ ಮಕ್ಕಳಿಗೆ ಹೊಲ ಕೊಡುವುದನ್ನು ಮರೆಯುತ್ತಿರಲಿಲ್ಲ.

ಉಳಿದವರ ಕೆಲಸ

ಇದು ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಓದುಗರಿಗೆ ಬರಿಯ ಕಥೆಯಲ್ಲ. ಕೆಜಿಎಫ್‌ನ ಚಿನ್ನ, ಕಾಂತಾರದ ಕಾಡು ಎರಡೂ ನಮ್ಮ ಕಣ್ಣೆದುರಿನ ಕಪ್ಪತಗುಡ್ಡದಲ್ಲಿವೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡದ ಒಡಲಲ್ಲಿ ಚಿನ್ನದ ಅದಿರೂ ಇದೆ; ಬ್ರಿಟಿಷರ ಕಾಲದಲ್ಲಿಯೇ ಇಲ್ಲಿ ಗಣಿಗಳನ್ನು ತೋಡಿದ್ದರು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಿನ ರೈತರು ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲಾರೆವೆಂದು ನಿಂತಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳಾಗಿದ್ದರು. ಯೋಜನೆ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಸ್ಥಾನ ಮರುವರ್ಷ ರದ್ದಾಗಿ, ಹೋರಾಟದ ನಂತರ 2017ರಲ್ಲಿ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅಷ್ಟರಲ್ಲಿ, 2018ರ ಅಕ್ಟೋಬರ್‌ನಲ್ಲಿ, ಸ್ವಾಮೀಜಿ ಲಿಂಗೈಕ್ಯರಾಗಿದ್ದರು. ಗುಡ್ಡ ಉಳಿದದ್ದು ಒಬ್ಬರ ಬಲದಿಂದಲ್ಲ; ಅವರ ಹಿಂದೆ, ಅವರ ನಂತರ ನಿಂತವರಿಂದ.

ಈ ಹಿನ್ನೆಲೆಯಲ್ಲಿ ಮೊದಲಿನ ಪ್ರಶ್ನೆಗೆ ಉತ್ತರ ಹೇಳುವುದಾದರೆ ಹೀಗೆ ಹೇಳಬಹುದು. ರಾಕಿ ಸತ್ತ, ಸಾಯದಿದ್ದರೆ ಆತನ ಕಥೆಗೆ ಅರ್ಥವಿಲ್ಲ. ಆತನ ಜೊತೆ ಚಿನ್ನವೂ ಮುಳುಗಿತು, ಅದನ್ನು ಅಗೆದವರಿಗೆ ಅದರಿಂದ ಏನೂ ಸಿಗಲಿಲ್ಲ. ರಾಜೀವ ಬದುಕಿದ್ದ, ಬದುಕಿದ್ದಾನೆ ಎಂಬ ಅರಿವೇ ಆ ಮನೆಗೆ ತೀರದ ಸಾಲ. ಶಿವ ಮಾಯ ಸೇರಿದ. ಸೇರುವ ಮುನ್ನ ಊರವರ ಕೈಗಳನ್ನು ಒಂದರ ಮೇಲೊಂದು ಇರಿಸಿ ಹೋದ.

ಮೂವರಲ್ಲಿ ಹೋಗುವಾಗ ಉಳಿದವರಿಗೆ ಕೆಲಸ ಒಪ್ಪಿಸಿದವನು ಶಿವನೊಬ್ಬನೇ. ‘ಕಾಂತಾರ’ ನೋಡಿ ಬಂದವರು ಆತ ಮರಳಿ ಬರುತ್ತಾನೆಯೇ ಎಂದು ವಾದಿಸುವುದು ಸಹಜ. ಆದರೆ ಹಿಡಿದ ಕೈಯನ್ನು ಊರವರು ಎಷ್ಟು ದಿನ ಬಿಡದೆ ಹಿಡಿದಿರುತ್ತಾರೆ ಎಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಯಾವ ಮುಂದಿನ ಭಾಗದಲ್ಲಿಯೂ ಸಿಗುವಂಥದ್ದಲ್ಲ.